ಮಳೆಯ ಮರುದಿನ ನೋಡಿದ ಸೈಟು

ಸೈಟು ನೋಡಲು ಆಷಾಢ ಕಳೆಯಲಿ ಎನ್ನುವವರಿದ್ದಾರೆ, ದಸರೆ ಮುಗಿಯಲಿ ಎನ್ನುವವರೂ ಇದ್ದಾರೆ. ಮಳೆ ಬರಲಿ, ಆಮೇಲೆ ನೋಡೋಣ ಎನ್ನುವವರು ಕಡಿಮೆ. ಮೈಸೂರಿಗೆ ಮೇ ತಿಂಗಳಲ್ಲೊಮ್ಮೆ, ಅಕ್ಟೋಬರಿನಲ್ಲೊಮ್ಮೆ ಮಳೆ ಜೋರು. ಜಂಬೂಸವಾರಿ ಮುಗಿದು ವಾರವಾಗಿತ್ತು. ರಾತ್ರಿಯೆಲ್ಲ ಹೊಯ್ದ ಮಳೆ ಬೆಳಗಿನ ಜಾವಕ್ಕೆ ನಿಂತಿತ್ತು. ಬ್ರೋಕರ್ ಭಾವನಿಗೆ ಫೋನ್ ಮಾಡಿ, "ಇವತ್ತು ಕೆಸರಿರುತ್ತೆ ಸಾರ್, ಮುಂದಿನ ಭಾನುವಾರ ಇಟ್ಕೊಳ್ಳೋಣ" ಎಂದ. ಮೇಸ್ತ್ರಿ ಒಪ್ಪಲಿಲ್ಲ. "ಇವತ್ತೇ ನೋಡ್ಬೇಕು ಸಾರ್. ಒಣಗಿದ್ ಮೇಲೆ ಹೋದ್ರೆ ಏನ್ ಗೊತ್ತಾಗುತ್ತೆ?"

ಹಾಗಾಗಿ ಅಕ್ಕ, ಭಾವ, ಪಿಯುಸಿ ಓದುವ ಅವರ ಮಗಳು, ಭಾವನ ತಾಯಿ ಮತ್ತು ನಾನು ಹೊರವರ್ತುಲ ರಸ್ತೆ ದಾಟಿ ಪಶ್ಚಿಮಕ್ಕೆ ಹೊರಟೆವು. ಭಾವನ ತಾಯಿ ಮನೆಯ ಎಲ್ಲರ ಬಾಯಲ್ಲೂ ಅಜ್ಜಿಯೇ. ಮೇಸ್ತ್ರಿ ಆಗಲೇ ಬೈಕಿನಲ್ಲಿ ಬಂದು ಕಮಾನಿನ ಬಳಿ ಕಾಯುತ್ತಿದ್ದರು. ಹೆಗಲ ಚೀಲದಲ್ಲಿ ನೂರಡಿ ಟೇಪು, ಒಂದು ದಾರದ ಉಂಡೆ, ಸುತ್ತಿಟ್ಟ ಪಾರದರ್ಶಕ ಪೈಪು.

ಲೇಔಟಿನ ಕಮಾನು ದೊಡ್ಡದು. ಅದರ ಬಣ್ಣ ಇನ್ನೂ ಹೊಸದು. ಒಳಗೆ ಡಾಂಬರು ರಸ್ತೆಗಳು ನೇರವಾಗಿವೆ, ಆದರೆ ಅಂಚುಗಳು ಉದುರತೊಡಗಿವೆ. ಚರಂಡಿಯ ಉದ್ದಕ್ಕೂ ಪಾರ್ಥೇನಿಯಂ ಎದೆಮಟ್ಟ ಬೆಳೆದು ಬಿಳಿ ಹೂ ಬಿಟ್ಟಿದೆ. ಬೀದಿದೀಪದ ಕಂಬಗಳಿವೆ, ದೀಪ ಕೆಲವಕ್ಕೆ ಮಾತ್ರ. ಸುಣ್ಣ ಬಳಿದ ಎಲ್ಲೆಕಲ್ಲುಗಳ ಮೇಲೆ ಕೆಂಪಕ್ಷರದಲ್ಲಿ ಸೈಟಿನ ನಂಬರು. ಅಲ್ಲೊಂದು ಇಲ್ಲೊಂದು ಮನೆ ಎದ್ದಿದೆ. ಒಂದು ಮನೆಗೆ ಮೊದಲ ಮಹಡಿಯ ತಾರಸಿ ಬಿದ್ದಿದ್ದು, ಸೆಂಟ್ರಿಂಗ್ ಕಂಬಗಳ ನಡುವೆ ದೃಷ್ಟಿಬೊಂಬೆ ನೇತಾಡುತ್ತಿದೆ. ಎದುರಿಗೆ ಜಲ್ಲಿ, ಎಂ-ಸ್ಯಾಂಡ್ ರಾಶಿ, ಕೆಲಸದವರ ತಗಡಿನ ಶೆಡ್ಡು. ಬೇಲಿಯಾಚೆ ರಾಗಿ ತೆನೆ ಬಿಟ್ಟಿದೆ. ಮೋಡ ಸರಿದಾಗ ಪೂರ್ವದ ಅಂಚಿನಲ್ಲಿ ಚಾಮುಂಡಿಬೆಟ್ಟ ಕಾಣುತ್ತದೆ.

ಬ್ರೋಕರ್ ನಮ್ಮನ್ನು ಕರೆದೊಯ್ದದ್ದು ಲೇಔಟಿನ ಕೊನೆಯ ಸಾಲಿಗೆ. 30x40, ಪೂರ್ವ ದಿಕ್ಕಿನ ರಸ್ತೆ. "ಮೂಡಣ ಬಾಗ್ಲು ಸಾರ್, ಈ ಸಾಲಲ್ಲಿ ಇದೊಂದೇ ಉಳಿದಿರೋದು." ಅದೇ ಕಾರಣಕ್ಕೆ ಮೇಲಿನ ಸಾಲುಗಳಿಗಿಂತ ಚದರಡಿಗೆ 200 ರೂಪಾಯಿ ಹೆಚ್ಚು. 1200 ಚದರಡಿಗೆ 2 ಲಕ್ಷದ 40 ಸಾವಿರ. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಸಾಮಾನು ಸಾಗಿಸುತ್ತಲೇ ಬಂದ ಸಂಸಾರಕ್ಕೆ ಅದು ಸಣ್ಣ ಮೊತ್ತವಲ್ಲ. ಭಾವ ಸುಮ್ಮನೆ ನಿಂತು ಮನಸ್ಸಿನಲ್ಲೇ ಕೂಡಿಸಿ ಕಳೆಯುತ್ತಿದ್ದುದು ಮುಖದಲ್ಲೇ ಗೊತ್ತಾಗುತ್ತಿತ್ತು.

ಮೇಸ್ತ್ರಿ ಯಾರ ಮಾತಿಗೂ ಕಾಯದೆ ಟೇಪು ಬಿಚ್ಚಿದರು. ಮಗಳು ಒಂದು ತುದಿ ಹಿಡಿದಳು. ಮುಂಭಾಗ 30 ಅಡಿ ಸರಿ. ಹಿಂಭಾಗವೂ ಸರಿ. ಉದ್ದ ಎರಡೂ ಕಡೆ 40. ಬ್ರೋಕರ್ "ನೋಡಿ ಸಾರ್" ಎನ್ನುವಷ್ಟರಲ್ಲಿ ಮೇಸ್ತ್ರಿ ಟೇಪನ್ನು ಮೂಲೆಯಿಂದ ಮೂಲೆಗೆ ಎಳೆದರು. 30x40ರ ಸೈಟಿಗೆ ಕರ್ಣ ಸರಿಯಾಗಿ 50 ಅಡಿ ಬರಬೇಕು. ಮೂರು, ನಾಲ್ಕು, ಐದರ ಲೆಕ್ಕ. ಗಾರೆ ಕೆಲಸದವರು ಮೂಲೆಮಟ್ಟ ನೋಡುವುದೇ ಇದರಲ್ಲಿ. ಒಂದು ಕರ್ಣ 50 ಅಡಿ 6 ಇಂಚು ಬಂತು, ಇನ್ನೊಂದು 49 ಅಡಿ 6 ಇಂಚು. ನಾಲ್ಕು ಬದಿಯ ಅಳತೆ ಸರಿಯಿದ್ದೂ ಸೈಟು ಓರೆಯಾಗಿದೆ. ಹಿಂದಿನ ಗೆರೆ ಮುಂದಿನ ಗೆರೆಯಿಂದ 10 ಇಂಚು ಪಕ್ಕಕ್ಕೆ ಜಾರಿದೆ. ಮನೆಯ ಗೋಡೆ ಮೂಲೆಮಟ್ಟಕ್ಕೇ ಏಳಬೇಕಾದ್ದರಿಂದ ಆ 10 ಇಂಚು ಪಕ್ಕದ ಓಣಿಯಲ್ಲಿ ಕಳೆದುಹೋಗುತ್ತದೆ. ದೊಡ್ಡ ಸೈಟಿನಲ್ಲಿ ಇದು ಲೆಕ್ಕಕ್ಕೆ ಬಾರದು. ಮೂರಡಿ ಓಣಿಯಲ್ಲಿ ಗ್ಯಾಸ್ ಸಿಲಿಂಡರ್ ಹೊತ್ತು ಹಿಂದಕ್ಕೆ ಹೋಗಬೇಕಾದವರಿಗೆ ಅದು ದಿನವೂ ತಾಗುತ್ತದೆ.

ಅಳತೆಯ ವಿಷಯ ಬಂದಾಗ ಇದನ್ನೂ ಹೇಳಿಬಿಡುತ್ತೇನೆ. ಅಭಿವೃದ್ಧಿ ಪ್ರಾಧಿಕಾರದ ಸೈಟುಗಳನ್ನು ಬಾಯಲ್ಲಿ 30x40 ಎಂದರೂ ಕಾಗದದಲ್ಲಿ 9x12 ಮೀಟರ್ ಎಂದೇ ಇರುತ್ತದೆ. 9x12 ಮೀಟರ್ ಎಂದರೆ ಸುಮಾರು 1162 ಚದರಡಿ, 1200 ಅಲ್ಲ. ದರ ಮಾತಾಡುವುದು ಚದರಡಿಯಲ್ಲಾದರೆ ಆ ಮೂವತ್ತೇಳು ಮೂವತ್ತೆಂಟು ಚದರಡಿಗೆ ಯಾಕೆ ದುಡ್ಡು ಕೊಡಬೇಕು?

ಟೇಪಿನ ನಂತರ ಪೈಪು. ಅದರೊಳಗೆ ನೀರು ತುಂಬಿ, ಗುಳ್ಳೆ ಹೋಗುವವರೆಗೆ ಬೆರಳಿನಿಂದ ತಟ್ಟಿ, ಒಂದು ತುದಿಯನ್ನು ರಸ್ತೆಯ ನಡುವೆ ಭಾವನ ಕೈಗೆ ಕೊಟ್ಟು, ಇನ್ನೊಂದನ್ನು ಹಿಡಿದು ಮೇಸ್ತ್ರಿ ಹಿಂಬದಿಯ ಕಲ್ಲಿನ ತನಕ ನಡೆದರು. ಅಲ್ಲಿ ನೀರಿನ ಗೆರೆ ಅವರ ಎದೆಯ ಹತ್ತಿರ ನಿಂತಿತು. ರಸ್ತೆಗಿಂತ ಎರಡೂವರೆ ಅಡಿ ತಗ್ಗು. ಕಣ್ಣಿಗೆ ಅಷ್ಟು ಇಳಿಜಾರು ಕಂಡಿರಲೇ ಇಲ್ಲ. ಎಲ್ಲ ಕಡೆ ಹುಲ್ಲು ಒಂದೇ ಎತ್ತರಕ್ಕೆ ಬೆಳೆದು ಮುಚ್ಚಿತ್ತು.

ಆ ಹುಲ್ಲಿನ ನಡುವೆ ಅಜ್ಜಿ ಬಗ್ಗಿ ಏನನ್ನೋ ಕೀಳುತ್ತಿದ್ದರು. "ಒಂದೆಲಗ ಕಣೇ! ಎಷ್ಟೊಂದಿದೆ ನೋಡು" ಎಂದು ಸೊಸೆಯನ್ನು ಕರೆದರು. ಸೆರಗಿನ ತುಂಬ ದುಂಡನೆಯ ಎಲೆಗಳು, ಬಳ್ಳಿಯ ಗೆಣ್ಣುಗಳಿಂದ ಇಳಿದ ಬಿಳಿ ಬೇರಿಗೆ ಅಂಟಿದ ಕಪ್ಪು ಮಣ್ಣು. ಮಧ್ಯಾಹ್ನದ ಚಟ್ನಿಗೆ ಆಯಿತೆಂಬ ಖುಷಿ ಅವರಿಗೆ. ಮೇಸ್ತ್ರಿ ಹತ್ತಿರ ಬಂದು ಆ ಮಣ್ಣನ್ನೇ ಬೆರಳಲ್ಲಿ ಹೊಸೆದರು. "ಇದು ತೇವ ಇಲ್ದಿರೋ ಕಡೆ ಹಬ್ಬಲ್ಲಮ್ಮ. ಇಲ್ಲಿ ವರ್ಷದಲ್ಲಿ ಸುಮಾರು ತಿಂಗಳು ನೀರು ನಿಲ್ಲುತ್ತೆ." ಅಜ್ಜಿಗೆ ಅದು ಗೊತ್ತಿರದ ಮಾತಲ್ಲ. ಊರಲ್ಲಿ ಬಾವಿಕಟ್ಟೆಯ ಪಕ್ಕದ ಬಚ್ಚಲ ಮೋರಿಯಲ್ಲೇ ಒಂದೆಲಗ ಕಿತ್ತು ಬೆಳೆದವರು. ಸುತ್ತ ಕಣ್ಣಾಡಿಸಿದರು. ಎಲ್ಲೆಕಲ್ಲಿನ ಬುಡದಲ್ಲಿ ಏಡಿಯ ಬಿಲ. ಅದರ ಬಾಯಿಯ ಸುತ್ತ ರಾತ್ರಿಯಷ್ಟೇ ಎತ್ತಿಹಾಕಿದ ಹಸಿ ಮಣ್ಣಿನ ಉಂಡೆಗಳು.

ಬೇಲಿಯಾಚೆ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಹಿರಿಯರೊಬ್ಬರನ್ನು ಭಾವ ಮಾತಾಡಿಸಿದರು. ಈ ಜಾಗ ಹಿಂದೆ ಏನಾಗಿತ್ತು ಎಂದು ಕೇಳಿದ್ದಷ್ಟೇ. "ಗದ್ದೆ ಆಗಿತ್ತು ಸಾ. ಮೇಲ್ಗಡೆ ಹೊಲ. ಅಲ್ ಬಿದ್ ನೀರೆಲ್ಲ ಹಿಂಗೇ ಬಂದು ಹಳ್ಳಕ್ ಸೇರ್ತಿತ್ತು. ಹಳ್ಳ ಮುಚ್ಬುಟ್ಟವ್ರೆ, ನೀರೆಲ್ಲಿ ಹೋದಾತು?" ಸೈಟು ನೋಡಲು ಹೋದವರು ಬ್ರೋಕರ್ ಇಲ್ಲದ ಹೊತ್ತಿನಲ್ಲಿ ಮೊದಲು ಮಾತಾಡಿಸಬೇಕಾದದ್ದು ಇಂಥವರನ್ನು. ಕಂದಾಯ ಇಲಾಖೆಯ ಗ್ರಾಮನಕ್ಷೆಯಲ್ಲಿ ಹಳ್ಳ, ಕಾಲುವೆ, ಕೆರೆ, ಖರಾಬು ಎಲ್ಲ ಗೆರೆಯಾಗಿ ಉಳಿದಿರುತ್ತವೆ. ನಿಂತ ಜಾಗದ ಸರ್ವೆ ನಂಬರನ್ನು ದಿಶಾಂಕ್ ಆ್ಯಪ್ ತೋರಿಸುತ್ತದೆ. ಮಗಳು ಅಲ್ಲೇ ಫೋನಿನಲ್ಲಿ ತೆರೆದಳು. ಹಳ್ಳದ ಗೆರೆ ಸೈಟಿನ ಮೇಲೆ ಹಾಯುತ್ತಿರಲಿಲ್ಲ, ಸ್ವಲ್ಪ ಆಚೆಗಿತ್ತು. ಕಾಗದಕ್ಕೆ ತೊಂದರೆ ಇರಲಾರದು. ಆದರೆ ನೀರಿಗೆ ಸೈಟಿನ ನಂಬರು ಗೊತ್ತಿಲ್ಲವಲ್ಲ.

ಮಣ್ಣು ತುಂಬಿಸಿದರೆ ಆಯಿತು ಎಂದ ಬ್ರೋಕರ್. ಎಷ್ಟು ಮಣ್ಣು? ಮುಂದೆ ಸೊನ್ನೆ, ಹಿಂದೆ ಎರಡೂವರೆ ಅಡಿ, ಸರಾಸರಿ ಒಂದೂಕಾಲು. ಅದನ್ನು 1200ಕ್ಕೆ ಗುಣಿಸಿದರೆ ರಸ್ತೆಯ ಮಟ್ಟಕ್ಕೆ ತರಲಿಕ್ಕೇ 1500 ಘನ ಅಡಿ, ಅದೂ ದಮ್ಮಸ್ಸು ಮಾಡಿ ಗಟ್ಟಿಯಾದ ಮೇಲಿನ ಲೆಕ್ಕ. ರಸ್ತೆ ಇವತ್ತಿರುವಷ್ಟೇ ಎತ್ತರ ಇರುವುದೂ ಇಲ್ಲ. ಡಾಂಬರಿನ ಮೇಲೆ ಡಾಂಬರು ಬಿದ್ದು ಏರುತ್ತದೆ. ಅದಕ್ಕಾಗಿ ಮನೆಯ ನೆಲ ರಸ್ತೆಗಿಂತ ಎರಡಡಿಯಾದರೂ ಮೇಲಿರಬೇಕು, ಆ ಮಣ್ಣು ಬೇರೆ. ಇಷ್ಟಾದರೂ ಪಾಯವನ್ನು ತುಂಬಿದ ಮಣ್ಣಿನ ಮೇಲೆ ಕೂರಿಸುವಂತಿಲ್ಲ. ಅದನ್ನೆಲ್ಲ ದಾಟಿ, ಕೆಳಗಿನ ಕಪ್ಪು ಗದ್ದೆಮಣ್ಣನ್ನೂ ದಾಟಿ, ಗಟ್ಟಿ ನೆಲ ಸಿಗುವವರೆಗೆ ತೋಡಬೇಕು. ತೇವಕ್ಕೆ ಉಬ್ಬಿ ಬೇಸಿಗೆಗೆ ಬಿರಿಯುವ ಎರೆಮಣ್ಣಿನ ಮೇಲೆ ಕಟ್ಟಿದ ಗೋಡೆಯ ಮೂಲೆಗಳಲ್ಲಿ ಓರೆ ಬಿರುಕು ಬಿಡುವುದನ್ನು ಹುಬ್ಬಳ್ಳಿ, ವಿಜಯಪುರದ ಕಡೆಯವರು ಬಲ್ಲರು. ಮೈಸೂರಿನ ಸುತ್ತ ಕೆಮ್ಮಣ್ಣೇ ಹೆಚ್ಚಾದರೂ ತಗ್ಗುಗಳಲ್ಲಿ ಕಪ್ಪು ಮಣ್ಣು ಕೂತಿರುತ್ತದೆ. ಪಾಯಕ್ಕೆ ಹೂತ ಹಣ ಯಾರ ಕಣ್ಣಿಗೂ ಕಾಣುವುದಿಲ್ಲ. ಅಷ್ಟು ಅಡುಗೆಮನೆಯಲ್ಲಿ ಕಡಿಮೆಯಾಗುತ್ತದೆ, ಕಿಟಕಿಯಲ್ಲಿ ಕಡಿಮೆಯಾಗುತ್ತದೆ.

ಅಕ್ಕ ಇವ್ಯಾವುದನ್ನೂ ಕೇಳುತ್ತಿರಲಿಲ್ಲ. ರಸ್ತೆಯ ಕೊನೆಯಲ್ಲಿ ನಿಂತು ಒಳಚರಂಡಿಯ ಮುಚ್ಚಳವನ್ನೇ ನೋಡುತ್ತಿದ್ದಳು. ಮುಚ್ಚಳದ ಸುತ್ತ ಬೂದು ಬಣ್ಣದ ಕೆಸರು, ಅದರಲ್ಲಿ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೂರು. ರಾತ್ರಿಯ ಮಳೆಗೆ ಅದು ಉಕ್ಕಿತ್ತು. ಮೇಲಿನ ಎಲ್ಲ ಸಾಲುಗಳ ಕೊಳೆನೀರು ಇಳಿದು ಸೇರುವ ಕಡೆಯ ಗುಂಡಿ ಅದು. ಈಗ ಮೇಲೆ ಇರುವುದು ಬೆರಳೆಣಿಕೆಯ ಮನೆ. ಲೇಔಟು ತುಂಬಿದ ಮೇಲೆ? "ನಾನಿಲ್ಲಿ ಅಡುಗೆ ಮಾಡಲ್ಲ ಕಣ್ರೀ" ಎಂದು ಗಂಡನಿಗೆ ಅಷ್ಟೇ ಹೇಳಿದಳು. ನನ್ನ ಮಟ್ಟಿಗೆ ಆ ಸೈಟಿನ ತೀರ್ಮಾನ ಅಲ್ಲಿಗೇ ಮುಗಿಯಿತು.

ಬ್ರೋಕರ್ ಕೊನೆಯದಾಗಿ ವಾಸ್ತುವಿನ ಮಾತೆತ್ತಿದ. ಉತ್ತರ ಕೊಟ್ಟವರು ಅಜ್ಜಿ. ಅವರಿಗೆ ಶಾಸ್ತ್ರದಲ್ಲಿ ಪೂರ್ಣ ನಂಬಿಕೆ. "ಬಾಗ್ಲು ಮೂಡಣಕ್ಕಿದ್ರೆ ಸಾಕೇನಪ್ಪ? ನೆಲ ಪಡುವಣಕ್ಕೆ ಇಳಿದಿದೆ. ನೀರು ಈಶಾನ್ಯಕ್ಕೆ ಹರೀಬೇಕು, ನೈಋತ್ಯ ಎತ್ತರ ಇರ್ಬೇಕು ಅಂತಾರೆ. ಇಲ್ಲಿ ಎಲ್ಲ ತಿರುಗಾಮುರುಗಾ ಇದೆಯಲ್ಲ." ಶಾಸ್ತ್ರವನ್ನು ನಂಬುವವರು ಹೀಗೆ ಪೂರ್ತಿಯಾಗಿ ನೋಡಬೇಕು ಎನ್ನಿಸಿತು. ಇವತ್ತು ಮಾರುಕಟ್ಟೆಯಲ್ಲಿ ಬೆಲೆ ಕಟ್ಟುವುದು ಬಾಗಿಲಿನ ದಿಕ್ಕಿಗೆ ಮಾತ್ರ. ನೆಲದ ಎತ್ತರ, ತಗ್ಗು, ನೀರಿನ ದಾರಿ, ಗಾಳಿ ಇವಕ್ಕೆ ಯಾರೂ ಚದರಡಿಗೆ ಒಂದು ರೂಪಾಯಿಯನ್ನೂ ಹೆಚ್ಚು ಕೇಳುವುದಿಲ್ಲ. ಕೈಯಲ್ಲಿ ದುಡ್ಡು ಕಡಿಮೆ ಇರುವ ಸಂಸಾರಕ್ಕೆ ಇದು ಅನುಕೂಲವೇ. ಒಳ್ಳೆಯ ನೆಲ ಅಗ್ಗಕ್ಕೆ ಸಿಗುವುದು ಇದರಿಂದಲೇ.

ಅಂಥದೊಂದು ನಾಲ್ಕು ಸಾಲು ಮೇಲಿತ್ತು. ಹೋಗುವಾಗಲೇ ಮೇಸ್ತ್ರಿ ಅದನ್ನು ನೋಡಿಟ್ಟಿದ್ದರು. ಅಲ್ಲಿಯ ರಸ್ತೆ ಒದ್ದೆಯಾಗಿತ್ತೇ ಹೊರತು ಎಲ್ಲೂ ನೀರು ನಿಂತಿರಲಿಲ್ಲ. ಅದೂ 30x40, ರಸ್ತೆ ಪಶ್ಚಿಮಕ್ಕೆ. ಕಾಲಿಟ್ಟರೆ ಜಲ್ಲಿಯಂಥ ಕೆಮ್ಮಣ್ಣು. ಚಪ್ಪಲಿಗೆ ಅಂಟಲಿಲ್ಲ. ರಸ್ತೆಯಂಚಿನಲ್ಲಿ ಒಂದು ಹೊಂಗೆಮರ. ಟೇಪು ಹಿಡಿದರೆ ಎರಡು ಕರ್ಣಕ್ಕೂ ಒಂದಿಂಚಿನ ವ್ಯತ್ಯಾಸ. ಪೈಪಿನಲ್ಲಿ ಮೂಲೆಯಿಂದ ಮೂಲೆಗೆ ನಾಲ್ಕೈದು ಇಂಚಿನ ಇಳಿಜಾರು, ಅದೂ ಉತ್ತರಕ್ಕೆ. ಅಜ್ಜಿ ತಲೆದೂಗಿದರು.

"ಪಶ್ಚಿಮದ ಬಿಸಿಲು ಮುಖಕ್ಕೇ ಹೊಡೆಯುತ್ತಲ್ಲಾ ಮೇಸ್ತ್ರಿ?" ಭಾವನ ಅನುಮಾನ. ಅದು ಸರಿಯಾದ ಅನುಮಾನವೇ. ಮೈಸೂರು ಇರುವುದು 12 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ಮೂರನೇ ವಾರದಲ್ಲೊಮ್ಮೆ ಸೂರ್ಯ ನಡುಮಧ್ಯಾಹ್ನ ನೆತ್ತಿಯ ಮೇಲಿರುತ್ತಾನೆ. ಆ ನಡುವಿನ ನಾಲ್ಕು ತಿಂಗಳು ತುಸು ಉತ್ತರಕ್ಕೆ, ಉಳಿದ ಎಂಟು ತಿಂಗಳು ದಕ್ಷಿಣಕ್ಕೆ. ಮಧ್ಯಾಹ್ನದ ಬಿಸಿಲನ್ನು ಎರಡಡಿಯ ಸಜ್ಜೆ ತಡೆಯುತ್ತದೆ. ಮೂರು ಗಂಟೆಯ ನಂತರ ಓರೆಯಾಗಿ ಬರುವ ಪಡುವಣ ಬಿಸಿಲನ್ನು ಸಜ್ಜೆ ತಡೆಯಲಾರದು. ಅದಕ್ಕೆ ಮೇಸ್ತ್ರಿಯ ಉತ್ತರ ಸರಳವಾಗಿತ್ತು. ಆ ಕಡೆ ಮಲಗುವ ಕೋಣೆ ಇಡಬೇಡಿ. ಗಾಡಿ ನಿಲ್ಲಿಸುವ ಜಾಗ, ಮೆಟ್ಟಿಲು ಅಲ್ಲಿ ಬರಲಿ. ಕಾದರೆ ಮೆಟ್ಟಿಲ ಗೋಡೆ ಕಾಯಲಿ. ಹೊಂಗೆಮರವನ್ನು ಕಡಿಯದಿದ್ದರೆ ಸಾಕು.

ಆಮೇಲೆ ಅವರು ನೆಲದ ಮೇಲೆ ಮನೆಯನ್ನೇ ಬರೆದರು. ಸುತ್ತ ಮೂರು ಮೂರು ಅಡಿ ಬಿಟ್ಟರೆ 24x34, ಅಂದರೆ 816 ಚದರಡಿ, ಅವರ ಭಾಷೆಯಲ್ಲಿ ಎಂಟು ಚದರ. ಒಂಬತ್ತು ಇಂಚಿನ ಹೊರಗೋಡೆಯೇ 85 ಚದರಡಿ ತಿನ್ನುತ್ತದೆ. ಕಾರಿಗೆ 180, ಮೆಟ್ಟಿಲಿಗೆ 70. ಕೆಳಗೆ ಉಳಿಯುವುದು 480ರ ಹತ್ತಿರ. ಅದರಲ್ಲೇ ಹಾಲು, ಅಡುಗೆಮನೆ, ದೇವರ ಗೂಡು, ಅಜ್ಜಿಯ ರೂಮು, ಬಚ್ಚಲು. ಮಂಡಿನೋವಿನ ಅಜ್ಜಿಯನ್ನು ಮಹಡಿಗೆ ಹತ್ತಿಸುವಂತಿಲ್ಲ. ಭಾವ ಒಂದು ಕ್ಷಣವೂ ಯೋಚಿಸದೆ, "ಕಾರಿನ ಜಾಗ ಬಿಡಿ, ಎರಡು ಸ್ಕೂಟರ್ ನಿಂತ್ರೆ ಸಾಕು" ಎಂದರು. ಕಾರು ಇನ್ನೂ ಬಂದಿರಲಿಲ್ಲ, ಬರುವ ಆಸೆಯಿತ್ತು. ಆ ಒಂದು ಮಾತಿನಿಂದ ಅಡುಗೆಮನೆ ಅಗಲವಾಯಿತು, ಅಜ್ಜಿಯ ರೂಮು 10x11 ಆಯಿತು.

ಮಗಳು ಆ ರೂಮಿನ ನಾಲ್ಕು ಮೂಲೆಗೆ ಕಲ್ಲಿಟ್ಟು ದಾರ ಸುತ್ತಿದಳು. ಮಂಚದ ಅಳತೆಗೆ ಛತ್ರಿ, ಚೀಲ, ಅಪ್ಪನ ಜಾಕೆಟ್ಟು ಹಾಸಿದಳು. ಅಜ್ಜಿ ದಾರ ದಾಟಿ ಒಳಗೆ ಬಂದು, ಮಂಚದ ಬದಿಯಲ್ಲಿ ನಿಂತು, ರಾತ್ರಿ ಎದ್ದು ಹೋಗುವವರಂತೆ ಗೋಡೆ ಹಿಡಿಯುವ ಕೈ ಮಾಡಿ ಬಚ್ಚಲ ಬಾಗಿಲ ತನಕ ನಡೆದು ನೋಡಿದರು. ಆರು ಹೆಜ್ಜೆ. "ಬಾಗ್ಲು ಒಳಕ್ಕೆ ತೆಗೆಯೋ ಹಾಗೆ ಇಡ್ಬೇಡಿ, ಒಳಗೆ ಬಿದ್ರೆ ನೀವ್ ಹೆಂಗ್ ತೆಗೀತೀರಿ?" ಮೇಸ್ತ್ರಿ ಅದನ್ನು ಚೀಟಿಯಲ್ಲಿ ಬರೆದುಕೊಂಡರು. ಅಜ್ಜಿಯ ರೂಮು ಈಶಾನ್ಯಕ್ಕೆ, ಅಡುಗೆಮನೆ ಆಗ್ನೇಯಕ್ಕೆ. ಬೆಳಗಿನ ಬಿಸಿಲು ಎರಡಕ್ಕೂ ಹಿಂಬದಿಯಿಂದ ಬರುತ್ತದೆ, ರಸ್ತೆಯ ಧೂಳು ಬರುವುದಿಲ್ಲ. ಎದುರು ಬಾಗಿಲು ಪಡುವಣಕ್ಕಿರುವ ಮನೆಗೆ ಮೂಡಣದ ಬೆಳಕು ಸಿಗುವುದಿಲ್ಲ ಎನ್ನುವುದು ತಪ್ಪು. ಅದು ಮನೆಯವರು ದಿನವಿಡೀ ಇರುವ ಕೋಣೆಗಳಿಗೆ ಸಿಗುತ್ತದೆ.

ಪ್ಲೇಗಿನ ಕಷ್ಟ ಕಂಡು, 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಕಟ್ಟಿಕೊಂಡ ಊರು ಮೈಸೂರು. ಹಳೆಯ ಬಡಾವಣೆಗಳಲ್ಲಿ ಮನೆಸಾಲುಗಳ ಬೆನ್ನಿಗೆ ಕನ್ಸರ್ವೆನ್ಸಿ ಗಲ್ಲಿ ಇರುತ್ತಿತ್ತು. ಅದರಿಂದಾಗಿ ಎಷ್ಟು ಸಣ್ಣ ಮನೆಗೂ ಹಿಂದಿನಿಂದ ಗಾಳಿ ಬೆಳಕು ಆಡುತ್ತಿತ್ತು. ಹೊಸ ಲೇಔಟಿನಲ್ಲಿ ಹಿಂದಿನ ಸೈಟಿನವರ ಗೋಡೆ ನಮ್ಮ ಗೋಡೆಗೆ ಎದುರಾಗುತ್ತದೆ. ಅವರು ಮೂರಂತಸ್ತು ಎಬ್ಬಿಸಿದರೆ ಬೆಳಗಿನ ಬಿಸಿಲು ಬಹಳ ತಡವಾಗಿ ಬರುತ್ತದೆ. ಆದ್ದರಿಂದ ಹಿಂದೆ ಮೂರರ ಬದಲು ಐದಡಿ ಬಿಡಬೇಕೆಂದು ನಾನು ಹಟ ಹಿಡಿದೆ. ಅಕ್ಕನಿಗೆ ಅಲ್ಲಿ ಬಟ್ಟೆ ಒಗೆಯುವ ಕಲ್ಲು, ಕರಿಬೇವಿನ ಗಿಡ ಬೇಕಿತ್ತು. ಹಾಗಾಗಿ ಒಪ್ಪಿಗೆಯಾಯಿತು.

ನೀರಿನ ಮಾತು. ನಲ್ಲಿ ಸಂಪರ್ಕ ಇನ್ನೂ ಬಂದಿಲ್ಲ, ಲೇಔಟಿನ ಬೋರ್‌ವೆಲ್ ನೀರು ದಿನ ಬಿಟ್ಟು ದಿನ. ಆರಡಿ ಉದ್ದ, ಆರಡಿ ಅಗಲ, ಆರಡಿ ಆಳದ ಸಂಪಿನಲ್ಲಿ 6000 ಲೀಟರ್ ಹಿಡಿಯುತ್ತದೆ. ಮೈಸೂರಿನ ವರ್ಷದ ಮಳೆ ಸುಮಾರು 800 ಮಿಲಿಮೀಟರ್. ಎಂಟು ಚದರದ ತಾರಸಿಯ ಮೇಲೆ ಬೀಳುವ ನೀರು ವರ್ಷಕ್ಕೆ 60 ಸಾವಿರ ಲೀಟರ್. ಅದನ್ನು ಚರಂಡಿಗೆ ಬಿಟ್ಟು ಟ್ಯಾಂಕರಿಗೆ ಫೋನ್ ಮಾಡುವುದು ನ್ಯಾಯವಲ್ಲ. ಎತ್ತರದ ನೆಲದ ಕಷ್ಟವೆಂದರೆ ಬಂಡೆ. ಪಕ್ಕದ ಮನೆಯವರು ಸಂಪು ತೋಡುವಾಗ ಬಂಡೆ ಸಿಕ್ಕಿತ್ತಂತೆ. ಪಾಯಕ್ಕೆ ಒಳ್ಳೆಯದು, ಸಂಪಿಗೆ ಖರ್ಚು.

ಸಂಜೆ ಏಳಕ್ಕೆ ಮತ್ತೆ ಹೋದೆವು, ಬ್ರೋಕರ್‌ಗೆ ಹೇಳದೆ. ಮಗಳು ಬಸ್ ಸ್ಟಾಪಿನಿಂದ ಸೈಟಿನವರೆಗೆ ಮುಂದೆ ನಡೆದಳು, ನಾವು ಹಿಂದೆ. ಒಂಬತ್ತು ನಿಮಿಷ. ನಡುವೆ ಎರಡು ಕಂಬಗಳಷ್ಟು ದೂರ ಕತ್ತಲೆ, ಒಂದು ತಿರುವಿನಲ್ಲಿ ನಾಯಿಗಳು. ಟ್ಯೂಷನ್ ಮುಗಿಸಿ ಬರುವ ಹುಡುಗಿಗೆ ಆ ತಿರುವು ದಿನವೂ ಇರುತ್ತದೆ. ಅದು ಈ ಸೈಟಿನ ದೊಡ್ಡ ಕೊರತೆ ಎಂದು ನಾನು ಇವತ್ತಿಗೂ ಭಾವಿಸುತ್ತೇನೆ. ತಿರುವಿನ ಮನೆಯಾಕೆ ಹೊರಬಂದು, ತಮ್ಮ ಗೇಟಿನ ದೀಪ ರಾತ್ರಿಯೆಲ್ಲ ಉರಿಯುತ್ತದೆಂದೂ, ಕಂಬಕ್ಕೆ ದೀಪ ಹಾಕಿಸಲು ಐದಾರು ಮನೆಯವರು ಸೇರಿ ಅರ್ಜಿ ಕೊಟ್ಟಿದ್ದಾರೆಂದೂ ಹೇಳಿದರು. ಅಕ್ಕ ಅವರ ನಂಬರು ತೆಗೆದುಕೊಂಡಳು.

ಮರುದಿನವೇ ಅಡ್ವಾನ್ಸ್ ಕೊಡಿ ಎಂದು ಬ್ರೋಕರ್ ಒತ್ತಾಯಿಸಿದ. ಬೇರೆಯವರು ಕಾಯುತ್ತಿದ್ದಾರಂತೆ. ಭಾವ ಜಗ್ಗಲಿಲ್ಲ. ಅವರು ಕೇಳಿದ ಕಾಗದಗಳೇ ಬೇರೆ. ಭೂಮಿ ಅನ್ಯಕ್ರಾಂತವಾದ ಆದೇಶ, ಲೇಔಟಿನ ಅನುಮೋದಿತ ನಕ್ಷೆ, ಮೂಲ ಕ್ರಯಪತ್ರ, 30 ವರ್ಷದ ಇ.ಸಿ. (ಋಣಭಾರ ಪ್ರಮಾಣಪತ್ರ), ಪಂಚಾಯಿತಿ ವ್ಯಾಪ್ತಿಯಾದ್ದರಿಂದ ಇ-ಸ್ವತ್ತು. ಇ-ಸ್ವತ್ತಿನಲ್ಲೂ ನಮೂನೆ 9 ಮತ್ತು 11ಎ ಇರುವ ಸೈಟೂ 11ಬಿ ಮಾತ್ರ ಇರುವ ಸೈಟೂ ಒಂದಲ್ಲ. ಬ್ಯಾಂಕಿನವರು ಕೇಳುವುದು ಮೊದಲಿನದನ್ನು. ಅನುಮೋದಿತ ನಕ್ಷೆಯಲ್ಲಿ ಪಾರ್ಕು, ಸಿ.ಎ. (ನಾಗರಿಕ ಸೌಲಭ್ಯ) ನಿವೇಶನ ಎಂದು ಗುರುತಾದ ಜಾಗವೇ ಕೆಲವೊಮ್ಮೆ ನಂಬರು ಹೊತ್ತು ಮಾರಾಟವಾಗುತ್ತದೆ. ಕ್ರಯಪತ್ರದ ಚಕ್ಕುಬಂದಿಯನ್ನು ಮನೆಯಲ್ಲಿ ಕೂತು ಓದಿದರೆ ಸಾಲದು. ಸೈಟಿನ ನಡುವೆ ನಿಂತು ಪೂರ್ವಕ್ಕೆ ಯಾರದು, ಪಶ್ಚಿಮಕ್ಕೆ ರಸ್ತೆಯೇ, ಉತ್ತರಕ್ಕೆ ಯಾವ ನಂಬರು ಎಂದು ಒಂದೊಂದಾಗಿ ತಿರುಗಿ ನೋಡುತ್ತ ಓದಬೇಕು.

ಇದೆಲ್ಲ ಕೈಗೆ ಬರುವ ಮೊದಲು ಒಂದು ಗುಂಡಿ ತೋಡಿ ನೋಡಲು ಮಾಲೀಕರ ಒಪ್ಪಿಗೆ ಬೇಕೆಂದು ಮೇಸ್ತ್ರಿ ಕೇಳಿದರು. ಮಾಲೀಕರು ಫೋನಿನಲ್ಲೇ ಒಪ್ಪಿದರು. ಬುಧವಾರ ಬೆಳಿಗ್ಗೆ ಇಬ್ಬರು ಆಳು, ಹಾರೆ, ಸಲಿಕೆ. ಮೂರಡಿಗೇ ಬಂಡೆ ಸಿಕ್ಕಿದರೆ ಸಂಪನ್ನು ಮೆಟ್ಟಿಲ ಕೆಳಗಿನಿಂದ ವಾಯವ್ಯದ ಮೂಲೆಗೆ ಸರಿಸಿ, ಆಳ ಕಡಿಮೆ ಮಾಡಿ ಅಗಲ ಹೆಚ್ಚಿಸಬೇಕು. ಆರಡಿಯವರೆಗೆ ಕೆಮ್ಮಣ್ಣೇ ಬಂದರೆ ಮೆಟ್ಟಿಲ ಕೆಳಗೇ ಇರಲಿ ಎಂದಾಯಿತು.